ಕೋರ್ಟಿನಿಂದ ವಾಪಸ್ ಬಂದ ಸಂಜೆ

ಜೈಲಿನಲ್ಲಿ ಆಪ್ತಸಮಾಲೋಚಕಿಯಾಗಿ ಸೇರಿದಾಗ ನನ್ನ ಕೈಗೊಂದು ಫಾರಂ ಕೊಟ್ಟರು. ಹೊಸದಾಗಿ ಒಳಗೆ ಬಂದವರಿಗೆಲ್ಲ ಅವೇ ಪ್ರಶ್ನೆಗಳು: ಹಿಂದೆ ಪ್ರಾಣ ಕಳೆದುಕೊಳ್ಳಲು ಹೋಗಿದ್ದಿರಾ, ಕುಡಿತ ಇದೆಯಾ, ನಿದ್ದೆ ಬರುತ್ತಾ. ಫಾರಂ ಬೇಕೇ ಬೇಕು. ಮೊದಲ ಕೆಲವು ಗಂಟೆ, ಮೊದಲ ಕೆಲವು ದಿನ ತುಂಬಾ ಅಪಾಯದ ಹೊತ್ತು, ಅದರಲ್ಲೂ ವಿಚಾರಣಾಧೀನ ಕೈದಿಗಳಿಗೆ. ಕುಡಿತ ದಿಢೀರ್ ನಿಂತವರಿಗೆ ಇನ್ನೂ ಜಾಸ್ತಿ. ಒಳಗೆ ಬಂದವರನ್ನು ಆದಷ್ಟು ಬೇಗ ತಪಾಸಣೆ ಮಾಡಿ, ಆತ್ಮಹತ್ಯೆಯ ಅಪಾಯವನ್ನೂ ಗುರುತಿಸಬೇಕು ಅಂತ ಕೈದಿಗಳನ್ನು ನಡೆಸಿಕೊಳ್ಳುವ ಬಗೆಗಿನ ವಿಶ್ವಸಂಸ್ಥೆಯ 2015ರ ಮಂಡೇಲಾ ನಿಯಮಗಳಲ್ಲೇ ಇದೆ.

ನನ್ನ ತಪ್ಪು ಬೇರೆ. ಮೊದಲ ದಿನ "ಇಲ್ಲ" ಅಂದವರ ಫಾರಂ ಮಡಚಿಟ್ಟು ಸುಮ್ಮನಾಗುತ್ತಿದ್ದೆ. ಒಬ್ಬ ಹುಡುಗ, ಎಲ್ಲದಕ್ಕೂ "ಇಲ್ಲ" ಅಂದಿದ್ದವನು, ತಿಂಗಳುಗಳ ನಂತರ ಜಾಮೀನು ಸಿಗದೆ ವಾಪಸ್ ಬಂದ ರಾತ್ರಿ ಸಾಯಲು ಹೊರಟ. ಪಕ್ಕದಲ್ಲಿ ಮಲಗಿದ್ದವನಿಗೆ ಎಚ್ಚರವಾಗಿದ್ದಕ್ಕೆ ಉಳಿದ. ಅವತ್ತು ಅವನಿಗೆ ಕೋರ್ಟ್ ಇತ್ತು ಅಂತ ನನಗೆ ಗೊತ್ತೇ ಇರಲಿಲ್ಲ.

ಆಮೇಲೆ ತಾರೀಕುಗಳ ನೋಟ್‌ಬುಕ್ ಇಟ್ಟೆ. ಯಾರಿಗೆ ಯಾವತ್ತು ಕೋರ್ಟ್, ತೀರ್ಪು ಯಾವಾಗ, ಬರ್ತೀವಿ ಅಂದ ಮನೆಯವರು ಬಂದರಾ, ಬಿಡುಗಡೆ ಎಂದು (ಹೊರಗೆ ಹೋದ ಮೊದಲ ವಾರಗಳೂ ಕಷ್ಟದ್ದೇ). ಅಂಥ ದಿನ ಸಂಜೆ ಹೋಗಿ ಪಕ್ಕದಲ್ಲಿ ಕೂತು ನೇರವಾಗಿ ಕೇಳುತ್ತೇನೆ, "ಸಾಯಬೇಕು ಅಂತ ಅನ್ನಿಸ್ತಿದೆಯಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತೆ ಅಂತ ವಾರ್ಡರ್‌ಗಳು ಹೆದರುತ್ತಿದ್ದರು. ಹಾಗಾಗುವುದಿಲ್ಲ. ಎಷ್ಟೋ ಜನ ಮೊದಲು ಅಳುತ್ತಾರೆ, ಆಮೇಲೆ ಮಾತಾಡುತ್ತಾರೆ.

"ಹೌದು" ಅಂದವರನ್ನು ಒಂಟಿ ಸೆಲ್‌ಗೆ ಹಾಕುವುದರ ಬಗ್ಗೆ ಜಗಳವನ್ನೇ ಆಡಿದ್ದೇನೆ. ನಿಗಾ ಇಡೋಕೆ ಸುಲಭ ಅಂತಾರೆ, ಆದರೆ ನೋವು ಹೇಳಿಕೊಂಡವನಿಗೆ ಅದು ಶಿಕ್ಷೆಯ ಹಾಗೆ ಕಾಣುತ್ತೆ, ಒಂಟಿತನದಲ್ಲಿ ಯೋಚನೆ ಇನ್ನೂ ಬಲಿಯುತ್ತೆ, ಅದನ್ನು ನೋಡಿದ ಪಕ್ಕದವನು ನಾಳೆ ಬಾಯಿಯೇ ಬಿಡುವುದಿಲ್ಲ, ಅಲ್ವಾ? ಬ್ರಿಟನ್ನಿನ ಸ್ವಾನ್ಸಿ ಜೈಲಿನಲ್ಲಿ 1991ರಲ್ಲೇ ಆತ್ಮಹತ್ಯೆ ತಡೆಯಲು ದುಡಿಯುವ ಸಮಾರಿಟನ್ಸ್ ಸಂಸ್ಥೆ, ಜೊತೆಯವರ ನೋವು ಕೇಳಿಸಿಕೊಳ್ಳುವ ತರಬೇತಿಯನ್ನು ಕೈದಿಗಳಿಗೇ ಕೊಡಲು ಶುರುಮಾಡಿತು. ಅದನ್ನು ಓದಿ ನಾನೂ ಇಬ್ಬರನ್ನು ಕೇಳಿ ಒಪ್ಪಿಸಿದೆ. ಅವರಲ್ಲಿ ಒಬ್ಬ, ಆ ರಾತ್ರಿ ಎಚ್ಚರವಾದವನು.

ಈಗ ರಾತ್ರಿ ಪಾಳಿಯವರು ಬಂದ ಕೂಡಲೇ ಆವತ್ತಿನ ಪುಟ ಓದಿ ಹೇಳಿ, ಆಮೇಲೆ ಮನೆಗೆ ಹೊರಡುತ್ತೇನೆ.