ತೂಕ ಇಳಿಸಿದ್ದು ಊಟ, ಹಿಡಿದಿಟ್ಟದ್ದು ಬಸ್ಕಿ

ವ್ಯಾಯಾಮ ಮಾಡಿದರೆ ತೂಕ ಇಳಿಯುತ್ತಾ ಅಂತ ಕೇಳುವವರಿಗೆ ನಾನು ಮೊದಲು ಲೆಕ್ಕ ಹೇಳುತ್ತೇನೆ. ಮೈಯ ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲರಿ ಖರ್ಚಾಗಬೇಕು. 70 ಕಿಲೋ ತೂಗುವವರು ಒಂದು ಗಂಟೆ ಬಿರುಸಾಗಿ ನಡೆದರೆ ಕರಗುವುದು 300ರ ಆಸುಪಾಸು. ಕುಕ್ಕರಹಳ್ಳಿ ಕೆರೆ ಸುತ್ತಿ, ಬರುವಾಗ ಬೆಣ್ಣೆ ಹಾಕಿದ ಮಸಾಲೆ ದೋಸೆ ತಿಂದು ಕಾಫಿ ಕುಡಿದರೆ ಅಷ್ಟೂ ವಾಪಸ್. ಏನು ಮಾಡೋದು, ಮೈಸೂರಿನ ದೋಸೆ ಹಾಗಿದೆ.

ಹಾಗಾಗಿ ಇಳಿಸುವ ಕೆಲಸವನ್ನು ಊಟಕ್ಕೇ ಬಿಟ್ಟೆ. ರಾತ್ರಿ ಅನ್ನ ಅರ್ಧ ಮಾಡಿದೆ, ಹುಳಿಯಲ್ಲಿ ಬೇಳೆ, ತರಕಾರಿ ಜಾಸ್ತಿ ಮಾಡಿಸಿದೆ, ಸಂಜೆಯ ಕುರುಕಲು ಬಿಟ್ಟೆ. ಅದರಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ.

ವ್ಯಾಯಾಮಕ್ಕೆ ಬೇರೆ ಕೆಲಸ ಇತ್ತು. ಊಟ ಕಡಿಮೆಯಾದಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಸ್ನಾಯುವಿಗೆ ದುಡಿಮೆ ಕೊಟ್ಟರೆ ದೇಹ ಅದನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಅದಕ್ಕೇ ವಾರದಲ್ಲಿ ಮೂರು ಬೆಳಿಗ್ಗೆ ಬಸ್ಕಿ, ದಂಡ. ನಮ್ಮೂರ ಗರಡಿಮನೆಗಳಲ್ಲಿ ಹಿಂದಿನಿಂದಲೂ ಇರುವುದೇ. ಬಸ್ಕಿ ಶುರುವಾಗಿದ್ದು ಕುರ್ಚಿಯಿಂದ: ಕೂರುವುದು, ಕೈ ಊರದೆ ಏಳುವುದು. ಅದು ಸಲೀಸಾದ ಮೇಲೆ ಕುರ್ಚಿ ತೆಗೆದೆ. ಆಮೇಲೆ ಐದು ಲೀಟರ್ ನೀರಿನ ಕ್ಯಾನನ್ನು ಎದೆಗೆ ಅವುಚಿಕೊಂಡು ಕೂತೆದ್ದೆ. ದಂಡಕ್ಕೂ ಹಾಗೇ, ಮೊದಲು ಗೋಡೆಗೆ ಕೈಯೂರಿ, ಆಮೇಲೆ ಜಗಲಿಯ ಅಂಚಿಗೆ, ಕೊನೆಗೆ ನೆಲಕ್ಕೆ. ಮಂಡಿ ನೋವು, ಬಿಪಿ ಇರುವವರು ಸುಮ್ನೆ ನನ್ನನ್ನು ನೋಡಿ ಶುರು ಮಾಡಬೇಡಿ, ಡಾಕ್ಟರನ್ನು ಕೇಳಿ.

ಹೊಸದರಲ್ಲಿ ತೂಕದ ಮುಳ್ಳು ಕೆಲವೊಮ್ಮೆ ಅಲ್ಲಾಡುವುದೇ ಇಲ್ಲ. ದುಡಿದು ದಣಿದ ಸ್ನಾಯು ಸ್ವಲ್ಪ ದಿನ ನೀರು ಹಿಡಿದಿಟ್ಟುಕೊಳ್ಳುತ್ತದೆ. ನಾನು ಟೈಲರ್ ಟೇಪನ್ನು ಹೆಚ್ಚು ನಂಬಿದೆ. ನಮ್ಮ ದೇಶದವರಿಗೆ ಸೊಂಟದ ಸುತ್ತಳತೆಯ ಮಿತಿ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80.

ನಿಜವಾದ ಕಷ್ಟ ಇಳಿದ ಮೇಲೆ. ಹಗುರಾದ ಮೈಗೆ ಬೇಕಾದ ಕ್ಯಾಲರಿಯೂ ಕಡಿಮೆ, ಹಸಿವು ಮಾತ್ರ ಜಾಸ್ತಿ. ಮದುವೆ ಸೀಸನ್ ಬಂದರೆ ಕೇಳಲೇಬೇಡಿ. ನಡಿಗೆಯ ಬೆಲೆ ನನಗೆ ತಿಳಿದದ್ದು ಆಗಲೇ. ವಾರಕ್ಕೆ 150 ನಿಮಿಷ ಅನ್ನುವುದು ಆರೋಗ್ಯಕ್ಕೆ ಹೇಳುವ ಕನಿಷ್ಠ ಲೆಕ್ಕ. ತೂಕ ಮತ್ತೆ ಏರದಿರಲು ನನಗೆ ಅದರ ಎರಡರಷ್ಟು ಬೇಕಾಯಿತು. ಭಾನುವಾರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುತ್ತೇನೆ. ಇಳಿಯುವಾಗ ಮಂಡಿಗೆ ಪೆಟ್ಟು ಜಾಸ್ತಿ, ಬಸ್ಸಿಗೆ ಕೂರುತ್ತೇನೆ. ಜೊತೆಯವರು ನಗುತ್ತಾರೆ, ನಗಲಿ.