ಮೂರನೇ ಸಲಕ್ಕೆ ಕೂಡಿದ ತೊಡೆಮೂಳೆ

ಬದಿಯಡ್ಕ ಕಡೆಯ ಅಡಿಕೆ ಕೊಯ್ಯುವವನು. ಮರದಿಂದ ಬಿದ್ದು, ಮೊಣಕಾಲಿನ ಸ್ವಲ್ಪ ಮೇಲೆ ತೊಡೆಮೂಳೆ ಪುಡಿಯಾಗಿತ್ತು. ಬೇರೆ ಕಡೆ ಹೊರಬದಿಗೆ ಲಾಕಿಂಗ್ ಪ್ಲೇಟ್ (ಸ್ಕ್ರೂ ತಲೆ ಪ್ಲೇಟಿಗೇ ಕಚ್ಚಿಕೊಳ್ಳುವ ಲೋಹದ ಪಟ್ಟಿ) ಹಾಕಿದ್ದರು. ಏಳೆಂಟು ತಿಂಗಳಲ್ಲಿ ಮೂಳೆ ಕೂಡದೆ ಪ್ಲೇಟ್ ತುಂಡಾಯಿತು. ಮೂಳೆ ಡಾಕ್ಟರಾದ ನನ್ನ ಹತ್ತಿರ ಬಂದಾಗ ನಾನೂ ಅದೇ ದಾರಿ ಹಿಡಿದೆ. ಇನ್ನೂ ಉದ್ದದ ಪ್ಲೇಟ್, ಸೊಂಟದ ಮೂಳೆಯಿಂದ ಒಂದಿಷ್ಟು ಗ್ರಾಫ್ಟ್, ಅಂದರೆ ಮುರಿದಲ್ಲಿ ತುಂಬಲು ತೆಗೆದ ಮೂಳೆ ಚೂರು. ಆರು ತಿಂಗಳಿಗೆ ಸ್ಕ್ರೂ ಎಲ್ಲ ಸಡಿಲ! ಎಕ್ಸ್‌ರೇ ನೋಡಿದ ರಾತ್ರಿ ಊಟ ಸೇರಲಿಲ್ಲ.

"ರಿಂಗ್ (ಕಾಲಿನ ಹೊರಗಿನಿಂದ ಕಟ್ಟುವ ಬಳೆಯಂಥ ಚೌಕಟ್ಟು) ಹಾಕು, ಇಲ್ಲಾಂದ್ರೆ ಇಲ್ಲಿಗೆ ಕಳಿಸು ಮಾರಾಯ" ಅಂದರು ಮಂಗಳೂರಿನ ಡಾಕ್ಟರ್ ಗೆಳೆಯರು. ನನಗೆ ಮಾತ್ರ ಮೂಳೆಯ ಒಳಬದಿಯ ಖಾಲಿ ಜಾಗವೇ ಕಣ್ಣಿಗೆ ಕುಕ್ಕುತ್ತಿತ್ತು. ಹೊರಗಿನ ಪ್ಲೇಟ್ ಒಂದೇ ಎಷ್ಟು ದಿನ ಭಾರ ಹೊತ್ತೀತು? ಮೊಣಕಾಲಿನಿಂದ ರೆಟ್ರೊಗ್ರೇಡ್ ನೇಲ್ (ಮೂಳೆಯ ಪೊಳ್ಳಿನೊಳಗೆ ಮೇಲ್ಮುಖವಾಗಿ ಕಳಿಸುವ ಸರಳು), ಹೊರಗೆ ಪ್ಲೇಟ್, ಎರಡನ್ನೂ ಸ್ಕ್ರೂನಿಂದ ಹೆಣೆಯುವುದು ಅಂತ ಹೇಳಿದೆ. ನಕ್ಕರು.

ಮೊದಲು ಸೋಂಕಿಲ್ಲ ಅಂತ ಖಾತ್ರಿ ಬೇಕಿತ್ತು. ಮುರಿದ ಜಾಗದ ಐದು ಕಡೆಯ ಸ್ಯಾಂಪಲ್ ಕಲ್ಚರ್‌ಗೆ (ರೋಗಾಣು ಬೆಳೆಯುತ್ತದೆಯೇ ನೋಡುವ ಪರೀಕ್ಷೆ) ಹಾಕಿ 14 ದಿನ ಕಾದೆ. ಏನೂ ಬೆಳೆಯಲಿಲ್ಲ. ಹೊರದೇಶದ ನೇಲ್-ಪ್ಲೇಟ್ ಸೆಟ್ ಲಕ್ಷ ದಾಟುತ್ತಿತ್ತು. ನಮ್ಮಲ್ಲೇ ತಯಾರಾದದ್ದು ಸುಮಾರು 40 ಸಾವಿರಕ್ಕೆ ಸಿಕ್ಕಿತು. ಅವನ ಹೆಂಡತಿಯ ಕಿವಿಯೋಲೆ ಆಗಲೇ ಅಡವಿಗೆ ಹೋಗಿತ್ತು. ನನ್ನ ಫೀಸು ಬಿಟ್ಟೆ; ಸುಮ್ನೆ ಹೇಳಿಕೊಂಡೆ ಅಷ್ಟೇ.

ಆಪರೇಷನ್‌ಗೆ ನಾಲ್ಕು ಗಂಟೆ ಹಿಡಿಯಿತು. ಮುರಿದ ತುದಿಗಳ ನಡುವೆ ಬೆಳೆದ ನಾರಿನಂಥದ್ದನ್ನೆಲ್ಲ ಕಿತ್ತು, ಮೂಳೆಯಲ್ಲಿ ರಕ್ತ ಚಿಮ್ಮುವ ತನಕ ಕೆರೆದೆ. ಎರಡೂ ಬದಿಯ ಸೊಂಟದ ಗ್ರಾಫ್ಟನ್ನು ಒಳಬದಿಗೇ ತುಂಬಿದೆ. ಹೆಣೆಯುವ ಸ್ಕ್ರೂ ಬಿಟ್ಟು ಪ್ಲೇಟಿನ ಉಳಿದ ಸ್ಕ್ರೂಗಳನ್ನು ನೇಲ್‌ಗೆ ತಾಗದಂತೆ ಕಳಿಸಲು ನನ್ನದೊಂದು ಉಪಾಯ ಇದೆ. ಎದುರು ಸಿಕ್ಕಾಗ ತೋರಿಸುತ್ತೇನೆ, ಬರೆಯುವುದಿಲ್ಲ.

ನಡುವೆ ಬೇರೆ ಪ್ರಯೋಗಗಳೂ ಆದವು. ಒಬ್ಬ ಅಜ್ಜಿಗೆ ನೇಲ್ ಬದಲು, ಭುಜಕ್ಕೆ ಹಾಕುವ ಫಿಲೋಸ್ ಪ್ಲೇಟನ್ನೇ ತಲೆಕೆಳಗಾಗಿ ಒಳಬದಿಗೆ ಇಟ್ಟೆ. ಚೆನ್ನಾಗಿ ಕೂತಿತು. ಒಳಬದಿಯಲ್ಲಿ ತೊಡೆಯ ಮೇಲೆ ಹೋದಷ್ಟೂ ದೊಡ್ಡ ರಕ್ತನಾಳ ಹತ್ತಿರ ಬರುತ್ತದೆ, ಅದೊಂದು ಎಚ್ಚರ ಬೇಕು. ಇಬ್ಬರು ಮೂವರಿಗೆ ಪಿಆರ್‌ಪಿ (ಅವರದೇ ರಕ್ತದಿಂದ ತೆಗೆದ, ಪ್ಲೇಟ್‌ಲೆಟ್ ತುಂಬಿದ ದ್ರವ) ಚುಚ್ಚಿ ನೋಡಿದ್ದು ಮಾತ್ರ ದುಡ್ಡು ದಂಡ.

ನಮ್ಮ ಅಡಿಕೆ ಕೊಯ್ಯುವವನನ್ನು ಆಪರೇಷನ್ನಿನ ಮರುದಿನವೇ ವಾಕರ್ ಹಿಡಿಸಿ ಕಾಲೂರಿಸಿದೆ. ಅದಕ್ಕೂ ಬೈಗುಳ ತಿಂದೆ. ಬೀಡಿ ಬಿಡಿಸಲು ಅವನ ಅಮ್ಮನನ್ನೇ ಕಾವಲಿಗೆ ಹಾಕಬೇಕಾಯಿತು. ಐದನೇ ತಿಂಗಳು ಒಳಬದಿಯಲ್ಲಿ ಹೊಸ ಮೂಳೆಯ ಸೇತುವೆ ಕಟ್ಟಿತ್ತು. ಆ ಫಿಲ್ಮನ್ನು ಗೆಳೆಯರಿಗೆಲ್ಲ ಕಳಿಸಿದೆ, ಕೆಳಗೆ ಒಂದಕ್ಷರ ಬರೆಯದೆ.

ಮೊಣಕಾಲು 90 ಡಿಗ್ರಿಯ ಹತ್ತಿರ ಮಡಚುತ್ತದೆ. ಕಾಲು ಒಂದೂವರೆ ಸೆಂಟಿಮೀಟರ್ ಗಿಡ್ಡ, ಚಪ್ಪಲಿಗೆ ಸೋಲ್ ಹಾಕಿಸಿಕೊಂಡಿದ್ದಾನೆ. ಈಗ ಮರ ಏರುವುದಿಲ್ಲ, ದೋಟಿ ಹಿಡಿದು ನೆಲದಿಂದಲೇ ಅಡಿಕೆ ಕೊಯ್ಯುತ್ತಾನೆ. ಬೀಡಿ ಮತ್ತೆ ಶುರು ಮಾಡಿದ್ದಾನಂತೆ, ಕಳ್ಳ.