ಯಾರ ಗಂಟೆ?

ಗಡಿಯಾರವೊಂದು ಗಂಟೆಗೆ 5 ನಿಮಿಷ ಮುಂದೆ ಓಡುತ್ತದೆ. ಬೆಳಿಗ್ಗೆ 6ಕ್ಕೆ ಅದನ್ನು ಸರಿ ಮಾಡಿಟ್ಟರು. ಅದೇ ದಿನ ಅದು ಸಂಜೆ 7 ತೋರಿಸುವಾಗ ನಿಜವಾದ ಸಮಯ ಎಷ್ಟು?

ಪರೀಕ್ಷೆಗೆ ಓದುತ್ತಿದ್ದಾಗ ನಾನು ಇದನ್ನು ಹೀಗೆ ಮಾಡಿದ್ದೆ. 6ರಿಂದ 7ರವರೆಗೆ 13 ಗಂಟೆ. ಗಂಟೆಗೆ 5 ಅಂದರೆ 65 ನಿಮಿಷ. ಕಳೆದರೆ ಸಂಜೆ 5:55. ಪುಸ್ತಕದ ಹಿಂದೆ ಉತ್ತರ ಸಂಜೆ 6 ಅಂತ ಇತ್ತು. ಬರೀ ಐದು ನಿಮಿಷದ ವ್ಯತ್ಯಾಸ! ಗುಣಿಸುವಾಗಲೋ ಕಳೆಯುವಾಗಲೋ ಎಡವಿದ್ದೀನಿ ಅಂತ ಮೂರು ಸಲ ನೋಡಿದೆ. ಎರಡೂ ಸರಿಯಾಗೇ ಇದ್ದವು.

ತಪ್ಪು ಇದ್ದದ್ದು ‘ಗಂಟೆಗೆ’ ಅನ್ನೋ ಪದವನ್ನು ನಾನು ಓದಿದ್ದರಲ್ಲಿ. ಯಾರ ಗಂಟೆಗೆ? ನಿಜವಾದ ಒಂದು ಗಂಟೆಗೆ 5 ನಿಮಿಷ. ನಾನು ಗುಣಿಸಿದ್ದು ಓಡುವ ಗಡಿಯಾರದ 13 ಗಂಟೆಯನ್ನು. ಅದರ ಒಂದು ಗಂಟೆ ಅಂದರೆ ನಿಜದಲ್ಲಿ ಸುಮಾರು 55.4 ನಿಮಿಷ ಅಷ್ಟೇ.

ಅವತ್ತಿಂದ ಲೆಕ್ಕ ಶುರು ಮಾಡೋ ಮುಂಚೆ ಹಾಳೆಯ ಮೇಲೆ ಎರಡು ಸಾಲು ಬರೆಯುತ್ತೇನೆ. ಎಡಕ್ಕೆ ‘ನಿಜ’, ಬಲಕ್ಕೆ ‘ತೋರಿಕೆ’. ನಿಜ 60 ನಿಮಿಷ ಆದಾಗ ತೋರಿಕೆ 65. ಅಂದರೆ 12ಕ್ಕೆ 13. ತೋರಿಕೆ 13 ಗಂಟೆ ಆಗಿದೆ, ಹಾಗಾದರೆ ನಿಜ 12 ಗಂಟೆ. ಬೆಳಿಗ್ಗೆ 6ಕ್ಕೆ 12 ಕೂಡಿಸಿದರೆ ಸಂಜೆ 6. ಶಾಲೆಯಲ್ಲಿ ಕಲಿತ ತ್ರೈರಾಶಿಯೇ ಇದು, ಬೇರೇನಲ್ಲ.

ಹಿಂದೆ ಬೀಳುವ ಗಡಿಯಾರಕ್ಕೂ ಅದೇ ದಾರಿ. ಗಂಟೆಗೆ 4 ನಿಮಿಷ ನಿಧಾನ ಅಂದರೆ 60ಕ್ಕೆ 56, ಅಂದರೆ 15ಕ್ಕೆ 14. ಬೆಳಿಗ್ಗೆ 8ಕ್ಕೆ ಸರಿ ಮಾಡಿದ್ದು ರಾತ್ರಿ 10 ತೋರಿಸಿದರೆ ನಿಜವಾಗಿ ರಾತ್ರಿ 11. ನಿಧಾನದ ಗಡಿಯಾರದಲ್ಲಿ ನಿಜ ಯಾವಾಗಲೂ ಮುಂದೇ ಇರಬೇಕು ಅಲ್ವಾ? ಉತ್ತರ ಬಂದ ಮೇಲೆ ಅದೊಂದನ್ನು ತಪ್ಪದೆ ನೋಡುತ್ತೇನೆ. ಇನ್ನು ನಿಜವಾದ ಸಮಯ ಕೊಟ್ಟು ಗಡಿಯಾರ ಏನು ತೋರಿಸುತ್ತೆ ಅಂತ ಕೇಳಿದರೆ, ಕಳೆದ ನಿಜವಾದ ಗಂಟೆಗಳನ್ನು ಗಂಟೆಗಾಗುವ ವ್ಯತ್ಯಾಸದಿಂದ ಸುಮ್ನೆ ಗುಣಿಸಿ, ಬಂದದ್ದನ್ನು ನಿಜವಾದ ಸಮಯಕ್ಕೆ ಕೂಡಿಸಿದರೆ (ನಿಧಾನದ್ದಾದರೆ ಕಳೆದರೆ) ಸಾಕು.

ನನಗೆ ಜಾಸ್ತಿ ಇಷ್ಟವಾದ ಲೆಕ್ಕ ಬೇರೆ. ಸೋಮವಾರ ಮಧ್ಯಾಹ್ನ 12ಕ್ಕೆ ಗಡಿಯಾರ 5 ನಿಮಿಷ ಹಿಂದಿತ್ತು. ಬುಧವಾರ ಮಧ್ಯಾಹ್ನ 12ಕ್ಕೆ 10 ನಿಮಿಷ ಮುಂದಿದೆ. ಅದು ಸರಿಯಾದ ಸಮಯ ತೋರಿಸಿದ್ದು ಯಾವಾಗ? ಇಲ್ಲಿ 10ರಿಂದ 5 ಕಳೆಯಲು ಕೈ ತಾನಾಗೇ ಹೋಗುತ್ತದೆ. ಕಳೆಯಬಾರದು, ಕೂಡಬೇಕು. ಗಡಿಯಾರ ಮೊದಲು 5 ನಿಮಿಷದ ಹಳ್ಳ ತುಂಬಿಸಿ, ಆಮೇಲೆ 10 ನಿಮಿಷ ಮೇಲೇರಿದೆ. ಒಟ್ಟು 15 ನಿಮಿಷ, 48 ಗಂಟೆಯಲ್ಲಿ. ಹಳ್ಳ ತುಂಬಲು 5 ನಿಮಿಷ ಸಾಕು, ಅದಕ್ಕೆ 16 ಗಂಟೆ. ಮಂಗಳವಾರ ಬೆಳಗಿನ ಜಾವ 4.

ತಾಳೆ ನೋಡೋದೂ ಸುಲಭ. ಅಲ್ಲಿಂದ ಬುಧವಾರ ಮಧ್ಯಾಹ್ನಕ್ಕೆ 32 ಗಂಟೆ. 16ಕ್ಕೆ 5 ಆದರೆ 32ಕ್ಕೆ 10.